ಯೋಖನ್‌ಸ್ಟೈನಿನಲ್ಲಿ ಮೇನಾಳ ನಿದ್ದೆ

ಡ್ಯಾನ್ಯೂಬ್ ನದಿಯ ಮೇಲೆ ತೇಲುವ ಯಾವುದೇ ವಸ್ತುವಿನೊಳಗೆ ನಾನು ಅರ್ಧ ಗಂಟೆಯಲ್ಲಿ ಒಗ್ಗಿಕೊಳ್ಳಬಲ್ಲೆ. ಇದು ಜಂಭವಲ್ಲ, ವರದಿ. ಜಲ್ಲಿ ರಾಶಿಯ ಮೇಲೆ ಮಲಗಿದ್ದೇನೆ, ಕಲ್ಲಿದ್ದಲಿನ ಮೇಲೆ ಮಲಗಿ ಎದ್ದು ಕನ್ನಡಿಯಲ್ಲಿ ಯಾರಿದು ಎಂದು ಕೇಳಿದ್ದೇನೆ. ಒಂದು ಸಲ ಹಂದಿಗಳನ್ನು ಸಾಗಿಸುತ್ತಿದ್ದಾಗ ಅವುಗಳ ನಡುವೆಯೇ ಎಂಥ ನಿದ್ದೆ ಹೊಡೆದೆನೆಂದರೆ, ರೇಗನ್ಸ್‌ಬುರ್ಗ್‌ನಲ್ಲಿ ಮಾಂಸದಂಗಡಿಯವನು ನನ್ನನ್ನೂ ತಕ್ಕಡಿಗೆ ಹಾಕಿ ತೂಗಿ, ಪಕ್ಕೆಗೆ ಬೆರಳಿನಿಂದ ಒತ್ತಿ ನೋಡಿ, ಇದರಲ್ಲಿ ಬರೀ ಎಲುಬು ಎಂದು ತಿರಸ್ಕರಿಸಿದ. ಮತ್ತೊಂದು ಚಳಿಗಾಲದಲ್ಲಿ ನನ್ನ ಮೀಸೆ ದಿಂಬಿಗೆ ಹೆಪ್ಪುಗಟ್ಟಿ ಅಂಟಿಕೊಂಡು, ಮಾರ್ಚ್ ತಿಂಗಳ ಬಿಸಿಲು ಬರುವವರೆಗೂ ಏಳಲಾಗಲಿಲ್ಲ. ಎಬ್ಬಿಸಿದಾಗ ಯಾಕೆ ಇಷ್ಟು ಬೇಗ ಎಂದೆನಂತೆ.

ಆದರೆ ನಾನು ಹೇಳಹೊರಟಿರುವುದು ನನ್ನ ಕತೆಯನ್ನಲ್ಲ. ನನ್ನ ಹೆಸರು ಕೋರ್ಬಿನಿಯನ್. ಕರೆಯುವವರು ಕೋರ್ಬಿ ಎನ್ನುತ್ತಾರೆ, ಬೈಯುವವರೂ ಹಾಗೆಯೇ. ಈ ಕತೆ ನನ್ನ ಹೆಂಡತಿ ಫಿಲೊಮೇನಾಳದು. ಮೇನಾ ಎಂದರೆ ಪಸ್ಸಾವ್‌ನಿಂದ ವಿಯೆನ್ನಾವರೆಗಿನ ಎರಡೂ ದಡಗಳಿಗೆ ಗೊತ್ತು. ಯಾಕೆ ಗೊತ್ತು ಎಂದು ಮುಂದೆ ಹೇಳುತ್ತೇನೆ.

ಅವಳು ಹಗ್ಗದ ದೋಣಿ ನಡೆಸುವವನ ಮಗಳು. ಈ ದಡದಿಂದ ಆ ದಡ, ಆ ದಡದಿಂದ ಈ ದಡ, ಹೀಗೆ ನದಿಯ ಅಡ್ಡಕ್ಕಷ್ಟೇ ಓಡಾಡಿ ಬೆಳೆದವಳಿಗೆ ನದಿಯ ಉದ್ದಕ್ಕೆ ಹೋಗುವವರನ್ನು ಕಂಡರೆ ಬೆರಗು. ಆ ಬೆರಗಿನ ಗಳಿಗೆಯಲ್ಲಿ ನಾನು ಬಾರ್ಜಿನ, ಅಂದರೆ ಚಪ್ಪಟೆ ತಳದ ಸರಕು ಹಡಗಿನ, ಮೇಲೆ ನಿಂತು ಹಾದುಹೋದೆ. ನನ್ನಲ್ಲಿ ಬೆರಗಾಗುವಂಥದ್ದು ಬೇರೆ ಏನೂ ಇಲ್ಲವೆಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಪಾದ್ರಿ ಹರಸಿ ಆಗಿತ್ತು.

ಬಾರ್ಜ್ ನನ್ನ ಅಪ್ಪನ ಕಾಲದ್ದು. ಅಪ್ಪ ಅದಕ್ಕೆ ನನ್ನ ಅಮ್ಮನ ಹೆಸರಿಟ್ಟಿದ್ದ: ಥೆಕ್ಲಾ. ಅತ್ತೆಯ ಮನೆಯಲ್ಲಿ ಬಾಳಿದ ಸೊಸೆಯಂದಿರು ಊರು ತುಂಬ ಇದ್ದಾರೆ; ಅತ್ತೆಯ ಹೊಟ್ಟೆಯೊಳಗೇ ನಲವತ್ತು ವರ್ಷ ಸಂಸಾರ ಮಾಡಿದವಳು ಮೇನಾ ಒಬ್ಬಳೇ. ಅತ್ತೆ ತುಕ್ಕು ಹಿಡಿದರೆ ಸೊಸೆಯೇ ಉಜ್ಜಬೇಕು, ಅತ್ತೆ ಸೋರಿದರೆ ಸೊಸೆಯೇ ತೇಪೆ ಹಾಕಬೇಕು. ನಮ್ಮ ಮಗಳು ಹುಟ್ಟಿದ್ದೂ ಅದರೊಳಗೇ. ಒಂದು ಅಣೆಕಟ್ಟಿನಲ್ಲಿ ಹಗ್ಗ ಹಾಕಿ ಒಳಗೆ ಹೋದವಳು ಮುಂದಿನ ಅಣೆಕಟ್ಟಿನಲ್ಲಿ ಹಗ್ಗ ಹಾಕಲು ಬಂದಾಗ ಕಂಕುಳಲ್ಲಿ ಕೂಸಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳು ಇಲ್ಲ ಎನ್ನುತ್ತಾಳೆ. ನಡುವೆ ಇನ್ನೂ ಒಂದು ಅಣೆಕಟ್ಟು ಇತ್ತಂತೆ.

ನಮ್ಮ ನದಿಗೆ ಮೆಟ್ಟಿಲು ಮೆಟ್ಟಿಲಾಗಿ ಅಣೆಕಟ್ಟು ಕಟ್ಟಿದ್ದಾರೆ. ಒಂದೊಂದರ ಪಕ್ಕದಲ್ಲೂ ಹಡಗು ಇಳಿಸುವ ಒಂದೊಂದು ದೊಡ್ಡ ತೊಟ್ಟಿ. ಹಡಗು ಒಳಗೆ ಹೋಗಬೇಕು, ಹಿಂದೆ ಬಾಗಿಲು ಮುಚ್ಚಬೇಕು, ನೀರು ಇಳಿಯಬೇಕು, ಮುಂದಿನ ಬಾಗಿಲು ತೆರೆಯಬೇಕು. ಅಷ್ಟು ಹೊತ್ತೂ ಗೋಡೆಯ ಗೂಟಕ್ಕೆ ಹಗ್ಗ ಹಾಕಿ ಯಾರಾದರೂ ಹಿಡಿದು ನಿಂತಿರಬೇಕು. ಥೆಕ್ಲಾದಲ್ಲಿ ಆ ಯಾರಾದರೂ ಎಂದರೆ ಮೇನಾ. ನಾನು ಹಿಂತುದಿಯ ಚುಕ್ಕಾಣಿ ಕೋಣೆಯಲ್ಲಿ, ಕಾಫಿ ಲೋಟದ ಪಕ್ಕ. ಅವಳು ಮುಂತುದಿಯಲ್ಲಿ, ಮಂಜಿನೊಳಗೆ. ನನಗೆ ಅಲ್ಲಿಂದ ಮುಂತುದಿ ಕಾಣುವುದೇ ಇಲ್ಲ, ಆದ್ದರಿಂದ ಗೋಡೆಗೋ ಬಾಗಿಲಿಗೋ ಎಷ್ಟು ದೂರ ಉಳಿಯಿತೆಂದು ಅವಳು ಧ್ವನಿವರ್ಧಕದಲ್ಲಿ ಕೂಗುತ್ತಿದ್ದಳು: ‘ಇಪ್ಪತ್ತು... ಹತ್ತು... ಐದು... ಮೂರು... ಒಂದು... ಸಾಕು.’ ಅವಳು ಸಾಕು ಎಂದ ಮೇಲೇ ನಾನು ಉಸಿರು ಬಿಡುತ್ತಿದ್ದದ್ದು.

ಜಗಳವನ್ನೂ ನಾವು ಮೀಟರುಗಳಲ್ಲೇ ಆಡುತ್ತಿದ್ದೆವು. ಅವಳು ‘ಮೂರು’ ಎಂದರೆ ಮೂರು. ‘ಮೂರೂಊ’ ಎಂದು ಎಳೆದರೆ, ನಿನ್ನೆ ನೀನು ಸಾರಿಗೆ ಉಪ್ಪು ಜಾಸ್ತಿ ಎಂದದ್ದು ನೆನಪಿದೆ ಎಂದರ್ಥ. ಧ್ವನಿವರ್ಧಕದ ದಯೆಯಿಂದ ಎರಡೂ ದಡದವರಿಗೆ ನಮ್ಮ ಸಂಸಾರ ಕಂಠಪಾಠ. ಕೆಲವು ಹಳ್ಳಿಗಳಲ್ಲಿ ಅವಳ ಎಳೆತ ಕೇಳಿಯೇ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಬೈಯಲು ಶುರುಮಾಡುತ್ತಿದ್ದರಂತೆ.

ನಿವೃತ್ತರಾದ ಮೇಲೂ ನಾವು ಲಿಂಟ್ಸ್‌ನ ಬಂದರಿನಲ್ಲಿ ಕಟ್ಟಿಹಾಕಿದ ಥೆಕ್ಲಾದಲ್ಲೇ ಉಳಿದೆವು. ನಾನು ಹಾಗೇ ಉಳಿಯುವವನಿದ್ದೆ. ಆದರೆ ಮೇನಾ ಒಂದು ಮನೆ ನೋಡಿಟ್ಟಿದ್ದಳು, ನದಿಯಿಂದ ದೂರ, ಎಫರ್ಡಿಂಗ್ ಪೇಟೆಯಲ್ಲಿ. ಮೇಲಿನ ಮಹಡಿ. ಅಡುಗೆಮನೆಯ ಕಿಟಕಿಯಾಚೆ ಒಂದು ಪೇರ್‌ಹಣ್ಣಿನ ಮರ. ಮನೆಯೊಡತಿ ಬೇಕರಿಯವಳು, ಜನವರಿ ಮೊದಲ ವಾರದ ಮೂವರು ರಾಜರ ಹಬ್ಬದೊಳಗೆ ಹೌದೋ ಅಲ್ಲವೋ ಹೇಳಿ ಎಂದಿದ್ದಳು.

‘ಆ ಮರದಲ್ಲಿ ಏನಿದೆ ಅಂಥದ್ದು?’ ಎಂದೆ. ‘ಇಲ್ಲಿಂದ ಕರಿಸಮುದ್ರದವರೆಗೆ ನಿನಗೆ ಎಷ್ಟು ಮರ ತೋರಿಸಿದ್ದೀನಿ ನಾನು!’

‘ತೋರಿಸಿದ್ದೀಯ. ಎಲ್ಲಾ ಹಿಂದಕ್ಕೆ ಓಡ್ತಿದ್ವು’ ಎಂದಳು ಮೇನಾ. ‘ಕೋರ್ಬಿ, ನನಗೆ ರಾತ್ರಿ ನೋಡಿದ ಮರ ಬೆಳಗ್ಗೆ ಎದ್ದಾಗ ಅಲ್ಲೇ ಇರಬೇಕು. ಇನ್ನೇನೂ ಬೇಡ.’

ಇಂಥ ಮಾತಿಗೆ ಬುದ್ಧಿಯಿರುವ ಗಂಡ ಆಗಲಿ ಎನ್ನುತ್ತಾನೆ. ನಾನು, ನೋಡೋಣ ಎಂದೆ.

ನವೆಂಬರಿನಲ್ಲಿ ಅಗ್ನಿಶಾಮಕ ದಳದವರ ನೃತ್ಯಕೂಟ. ಅಲ್ಲಿ ಬಹುಮಾನದ ಚೀಟಿ ಎತ್ತುತ್ತಾರೆ. ಮೊದಲ ಬಹುಮಾನ ಅರ್ಧ ಹಂದಿ, ಎರಡನೆಯದು ಕ್ರಿಸ್‌ಮಸ್ ಸಂತೆಗಳನ್ನು ನೋಡುತ್ತ ಪಸ್ಸಾವ್‌ನಿಂದ ವಿಯೆನ್ನಾಕ್ಕೆ ಐಷಾರಾಮಿ ಹಡಗಿನಲ್ಲಿ ಯಾನ. ಮೇನಾಳಿಗೆ ಎರಡನೆಯದು ಬಂತು. ಕೂದಲೆಳೆಯಲ್ಲಿ ಅರ್ಧ ಹಂದಿ ತಪ್ಪಿತಲ್ಲ ಎಂದು ನಾನು ಆ ಸಂಜೆಯೆಲ್ಲ ಮಂಕಾಗಿದ್ದೆ. ಜೀವಮಾನವೆಲ್ಲ ಓಡಾಡಿದ ನದಿಯಲ್ಲಿ ಪುನಃ ಓಡಾಡುವ ಬಹುಮಾನ! ಅಂಚೆಯವನಿಗೆ ಬಹುಮಾನವಾಗಿ ನಡಿಗೆ ಕೊಟ್ಟ ಹಾಗೆ.

‘ನೀನು ಅಲ್ಲಿ ಒಗ್ಗಲ್ಲ’ ಎಂದಳು ಮೇನಾ.

‘ಯಾರು, ನಾನಾ?’ ಎಂದು ನಾನು ಹಂದಿಗಳ ಕತೆ ಶುರುಮಾಡಿದೆ.

‘ಆ ಹಂದಿಗಳಿಗೂ ಕೇಳಿ ಕೇಳಿ ಬೇಜಾರಾಗಿತ್ತು. ಮೊದಲನೇ ತೊಟ್ಟಿ ಬಂದ ಕೂಡಲೇ ಎದ್ದು ಓಡ್ತೀಯ, ಅವರಿಗೆ ಹಡಗು ನಡೆಸೋದು ಕಲಿಸೋಕೆ.’

‘ಓಡೋಳು ನೀನು! ಹಗ್ಗ ಹಿಡಿಯೋಳು ಯಾರು? ನಿನ್ನ ಕಾಲು ನಿದ್ದೇಲೂ ತೊಟ್ಟಿ ಕಡೆಗೇ ಹೋಗುತ್ತೆ.’

‘ನನಗೆ ಒಂದೇ ಒಂದು ತೊಟ್ಟಿ ಮಲಗಿಕೊಂಡು ದಾಟಬೇಕು ಅಂತ ಎಷ್ಟು ವರ್ಷದ ಆಸೆ ಗೊತ್ತಾ?’ ಎಂದಳು. ‘ಹಾಗಾದ್ರೆ ಪಣ. ತೊಟ್ಟಿಯೊಳಗೆ ಹಡಗಿದ್ದಾಗ ಹಾಸಿಗೆ ಬಿಟ್ಟು ಮೊದಲು ಎದ್ದೋರು ಸೋತ ಹಾಗೆ. ನಾನು ಎದ್ದರೆ ಸಾಯೋವರೆಗೂ ನಿನ್ನಮ್ಮನ ಹೊಟ್ಟೇಲೇ ಇರ್ತೀನಿ, ತುಟಿ ಬಿಚ್ಚಲ್ಲ. ನೀನು ಎದ್ದರೆ ಎಫರ್ಡಿಂಗ್.’

‘ವಿಯೆನ್ನಾವರೆಗೆ ಇಬ್ಬರೂ ಏಳದಿದ್ರೆ?’

‘ಇಬ್ಬರೂ ಏಳದಿದ್ರೆ ಇಬ್ಬರೂ ಸತ್ತಿದ್ದೀವಿ ಅಂತ ಅರ್ಥ. ಆಗ ಮನೆ ಯಾಕೆ?’

ನಾವು ಬಾರ್ಜಿನವರು ಕೊಟ್ಟ ಮಾತು ಗಟ್ಟಿಯಾಗಬೇಕಾದರೆ ಹಗ್ಗದ ಸುರುಳಿಯ ಮೇಲೆ ಕೈಗೆ ಕೈ ಕೊಡುತ್ತೇವೆ. ಹಾಗೆ ಕೊಟ್ಟ ಮಾತನ್ನು ತಪ್ಪಿದವನ ಹಗ್ಗವನ್ನು ಯಾವ ಬಂದರಿನಲ್ಲೂ ಯಾರೂ ಹಿಡಿಯುವುದಿಲ್ಲ. ಥೆಕ್ಲಾದ ಮುಂತುದಿಯಲ್ಲಿ, ಮೇನಾಳ ಹಳೆಯ ಹಗ್ಗದ ಮೇಲೆ, ಕೈಗೆ ಕೈ ಸೇರಿಸಿದೆವು. ನಾನು ಒಳಗೊಳಗೇ ನಕ್ಕೆ. ಇಷ್ಟು ಸುಲಭದ ಪಣ ನನ್ನ ಜನ್ಮದಲ್ಲಿ ಕಟ್ಟಿರಲಿಲ್ಲ.

ಹಡಗಿನ ಹೆಸರು ‘ಬೆಳ್ಳಕ್ಕಿ’. ಪಸ್ಸಾವ್‌ನ ದಡದಲ್ಲಿ ಅದನ್ನು ನೋಡಿದಾಗ ನನಗೆ ಹಡಗು ಎನ್ನಿಸಲಿಲ್ಲ. ಗಾಜಿನ ಆಸ್ಪತ್ರೆಯೊಂದು ಜಾರಿ ನೀರಿಗೆ ಬಿದ್ದ ಹಾಗಿತ್ತು. ಹತ್ತುವ ಮೊದಲು ಅದರ ಹಗ್ಗಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಬಾಗಿಲಲ್ಲಿ ಬಿಸಿ ವೈನ್ ಹಿಡಿದು ನಿಂತಿದ್ದ ಹಂಗೇರಿಯ ಹೆಂಗಸು, ಎದೆಯ ಮೇಲಿನ ಪಟ್ಟಿಯಲ್ಲಿ ಇಲ್ಡಿಕೊ ಎಂದಿತ್ತು, ನಮ್ಮ ಕೋಣೆಗಳ ಉಸ್ತುವಾರಿಯವಳು, ‘ತಾವು ಹಡಗಿನೋರಾ, ಕಪ್ತಾನರೇ?’ ಎಂದು ಕೇಳಿದಳು.

‘ಗೊತ್ತಾಗುತ್ತಾ?’ ಎಂದು ಎದೆಯುಬ್ಬಿಸಿದೆ.

‘ಬೇರೆಯೋರು ಮೊದಲು ವೈನ್ ತಗೋತಾರೆ.’

ಕೋಣೆಗೆ ಹೋದೆವು. ಥೆಕ್ಲಾದ ನಮ್ಮ ಮಲಗುವ ಗೂಡನ್ನು ಈ ಕೋಣೆಯ ಬಚ್ಚಲಿನಲ್ಲಿಟ್ಟರೆ ಇನ್ನೊಂದು ಗೂಡಿಗೂ ಜಾಗ ಉಳಿಯುತ್ತಿತ್ತು. ಒಗ್ಗಿಕೊಳ್ಳಲು ಅರ್ಧ ಗಂಟೆ ಎಂದಿದ್ದೆನಲ್ಲ, ಕೂಡಲೇ ಕೆಲಸಕ್ಕೆ ಇಳಿದೆ. ಮೊದಲು ಶೂ ಬಿಚ್ಚಿ ಕೋಣೆಯ ಬಾಗಿಲ ಹೊರಗೆ ಇಟ್ಟೆ, ಮೂತಿ ಹೊರಕ್ಕೆ ಮಾಡಿ. ಬಾರ್ಜಿನಲ್ಲಿ ಮನೆಯೊಳಗೆ ಶೂ ಹಾಕುವವನು ಕಾಡುಮನುಷ್ಯ. ಮೂತಿ ಒಳಕ್ಕೆ ಮಾಡಿ ಬಿಡುವವನು ಮೂರ್ಖ, ಅವಸರದಲ್ಲಿ ಅವನು ಹಿಂದುಮುಂದಾಗಿ ಓಡಬೇಕಾಗುತ್ತದೆ.

ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಒಂದು ಹಂಸ ಕೂತಿತ್ತು. ಅದರ ಮೇಲೆ ನಾನು ಕೂತೆ. ಕೂತವನು ಕೆಳಗೆ ಹೋದೆ, ಇನ್ನೂ ಕೆಳಗೆ ಹೋದೆ. ಮುಳುಗುವ ಹಡಗುಗಳನ್ನು ನೋಡಿದ್ದೆ. ಮುಳುಗುವ ಹಾಸಿಗೆ ಅದೇ ಮೊದಲು. ಮೊಣಕಾಲುಗಳಷ್ಟೇ ಮೇಲೆ ಕಾಣುತ್ತಿದ್ದವಂತೆ.

‘ಒಗ್ಗಿದೆಯಾ?’ ಎಂದಳು ಮೇನಾ.

‘ಒಗ್ಗುತ್ತಾ ಇದ್ದೀನಿ’ ಎಂದೆ ಆಳದಿಂದ.

ದಿಂಬು ಆರಿಸಿಕೊಳ್ಳಲು ಒಂದು ಕಾರ್ಡು ಇತ್ತು. ಬಾತುಕೋಳಿ ಗರಿಯದು, ಗೋಧಿ ಹೊಟ್ಟಿನದು, ಚೆರಿ ಬೀಜದ್ದು. ನಾನು ಜೀವಮಾನವೆಲ್ಲ ಸುತ್ತಿದ ಜಾಕೀಟಿನ ಮೇಲೆ ತಲೆಯಿಟ್ಟವನು. ಆದರೂ ಸಣ್ಣವನಾಗಬಾರದೆಂದು ಚೆರಿ ಬೀಜದ್ದು ಎಂದೆ. ತಲೆಯಿಟ್ಟರೆ ಒಳಗೆ ಯಾರೋ ಇಲಿಗಳಿಗೆ ಜಲ್ಲಿ ಹಂಚುತ್ತಿರುವ ಸದ್ದು. ಮೇನಾ ಗರಿಯದ್ದು ಆರಿಸಿದಳು, ಕಣ್ಣು ಮುಚ್ಚಿ ಅದಕ್ಕೆ ಕೆನ್ನೆ ಒತ್ತಿದಳು, ಹೊಸದಾಗಿ ಮದುವೆಯಾದಾಗ ನನ್ನ ಭುಜಕ್ಕೆ ಒತ್ತುತ್ತಿದ್ದ ಹಾಗೆ. ನನಗೆ ಆ ಬಾತುಕೋಳಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಗೋಡೆಯಲ್ಲಿ ಶಾಖ ಕೂಡಿಸುವ ಕಳೆಯುವ ಗುಂಡಿ. ಇಂಜಿನ್ನಿನ ವೇಗ ಹಿಡಿದು ಅಭ್ಯಾಸವಾದ ಕೈ, ಒಂದೇ ಸಲಕ್ಕೆ ಪೂರ್ತಿ ಮುಂದಕ್ಕೆ ತಳ್ಳಿದೆ. ಸ್ವಲ್ಪ ಹೊತ್ತಿನಲ್ಲಿ ಕೋಣೆಯೊಳಗೆ ಬೇಸಿಗೆ ಬಂತು. ನಾವು ಕಟ್ಟಿ ತಂದಿದ್ದ ಹೊಗೆಯಾಡಿಸಿದ ಹಂದಿಮಾಂಸದಿಂದ ಕೊಬ್ಬು ತೊಟ್ಟಿಕ್ಕತೊಡಗಿತು; ಮೇಜಿನ ಮೇಲೆ ಕ್ರಿಸ್‌ಮಸ್‌ಗೆಂದು ಸೊಪ್ಪಿನ ಬಳೆಯಲ್ಲಿ ನಿಲ್ಲಿಸಿದ್ದ ಮೇಣದಬತ್ತಿ ಸೊಂಟ ಬಾಗಿಸಿ ನಮಗೆ ನಮಸ್ಕರಿಸಿತು. ನಾನು ಗುಂಡಿ ತಿರುಗಿಸಿದೆ, ಹಿಂದಕ್ಕೂ ಪೂರ್ತಿ. ಈಗ ಜನವರಿ. ಕೊನೆಗೆ ಗಾಳಿಗಾಗಿ ಪರದೆ ಸರಿಸಿದೆ. ಪಸ್ಸಾವ್‌ನಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ; ನಮ್ಮ ಕಿಟಕಿಗೆ ಮೊಳದಷ್ಟು ದೂರದಲ್ಲಿ ಪಕ್ಕದ ಹಡಗಿನ ಕಿಟಕಿ, ಅದರೊಳಗೆ ಒಬ್ಬ ದೊಡ್ಡಮನುಷ್ಯ ಬರೀ ಚಡ್ಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದ. ಮೇನಾ ಸಭ್ಯವಾಗಿ ತಲೆಬಾಗಿ ವಂದಿಸಿದಳು. ಅವನು ಹೊಟ್ಟೆ ಬಿಟ್ಟ.

‘ನೋಡು, ಅವನು ಒಗ್ಗಿದ್ದಾನೆ’ ಎಂದಳು.

ಊಟವಾಯಿತು. ಐದು ಸಲ ತಟ್ಟೆ ಬದಲಿಸಿ ಒಂದು ಊಟದಷ್ಟು ಕೊಟ್ಟರು. ಹೊಟ್ಟೆ ತುಂಬಿದ ಮೇನಾ ಕೋಣೆಗೆ ಬಂದು, ಶಾಲು ಮಡಿಸಿಟ್ಟು, ಹಾಸಿಗೆಯ ತನ್ನ ಅರ್ಧದಲ್ಲಿ ಮಲಗಿ, ಗಲ್ಲದವರೆಗೆ ಹೊದಿಕೆ ಎಳೆದುಕೊಂಡಳು. ಹಡಗು ಹೊರಟಿತ್ತು. ನಾನೂ ಕೋಣೆಯಲ್ಲಿ ಕೊಟ್ಟಿದ್ದ ಬಿಳಿಯ ನಿಲುವಂಗಿ ತೊಟ್ಟು ಅವಳ ಪಕ್ಕ ಮಲಗಿದೆ. ದಾರಿಯ ಮೊದಲನೇ ತೊಟ್ಟಿಯಾದ ಯೋಖನ್‌ಸ್ಟೈನಿಗೆ ಇನ್ನೂ ಹೊತ್ತಿತ್ತು. ಡಿಸೆಂಬರಿನ ಮಧ್ಯಾಹ್ನ ಆಗಲೇ ಬಾಡಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ದಡದ ಮೇಲೆ ಮಂಜು ಕೂತಿತ್ತು.

ಸುಮ್ಮನೆ ಮಲಗಿದ್ದರೆ ನಾನು ಗೆಲ್ಲುತ್ತಿದ್ದೆ. ಆದರೆ ನಾನು ಮೇನಾಳನ್ನು ಎಬ್ಬಿಸುವ ಉಪಾಯ ಹೂಡಿದೆ.

‘ಮಂಜು ಜಾಸ್ತಿ ಆಯ್ತು’ ಎಂದೆ ಛಾವಣಿಗೆ.

ಮೇನಾ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು.

‘ಚುಕ್ಕಾಣಿ ಹಿಡಿದಿರೋ ಈ ಹುಡುಗ ಎಡಕ್ಕೆ ಎಳೀತಾ ಇದ್ದಾನೆ. ಅಲ್ಲಿ ಬಂಡೆ ಇದೆ.’

‘ಅದನ್ನ ಒಡೆದು ತೆಗೆದು ಎಷ್ಟೋ ವರ್ಷ ಆಯ್ತು’ ಎಂದಳು ಕಣ್ಣು ಬಿಚ್ಚದೆ.

‘ನಿನ್ನ ಹಗ್ಗದ ಕೈಗವಸು ತಂದಿದ್ದೀಯಾ, ಮೇನಾ? ಚರ್ಮದ್ದು? ಪಾಪ, ಅಲ್ಲಿ ಗೋಡೆ ಎಲ್ಲಾ ಮಂಜುಗಡ್ಡೆ. ಇವರ ಹುಡುಗರಿಗೆ ಹಗ್ಗ ಹಾಕೋಕೆ ಬರುತ್ತೋ ಇಲ್ವೋ...’

ಅವಳ ಉಸಿರು ನಿಧಾನವಾಗಿತ್ತು, ಬಾಯಿ ಒಂಚೂರು ತೆರೆದಿತ್ತು. ನಿದ್ದೆ ಬಂದಿತ್ತು, ಅಥವಾ ನಿದ್ದೆ ಬಂದವರ ಹಾಗೆ ಇತ್ತು. ನಲವತ್ತು ವರ್ಷ ಜೊತೆಗಿದ್ದರೂ ನನಗೆ ಅವಳ ನಿದ್ದೆಯ ಪರಿಚಯವಿರಲಿಲ್ಲ. ಅವಳು ಮಲಗುವ ಮೊದಲೇ ನಾನು ಗೊರಕೆ ಹೊಡೆಯುತ್ತಿದ್ದೆ, ನಾನು ಏಳುವ ಮೊದಲೇ ಅವಳು ಕಾಫಿ ಇಟ್ಟಿರುತ್ತಿದ್ದಳು.

ಇಂಜಿನ್ನಿನ ಸದ್ದು ತಗ್ಗಿತು. ನನ್ನ ಕಿವಿ ನಿಮಿರಿತು. ಹಡಗಿನ ಮೂತಿಯನ್ನು ಬದಿಗೆ ಸರಿಸುವ ಯಂತ್ರ ಕೆಳಗೆಲ್ಲೋ ಗುರ್ರೆಂದಿತು. ಕಿಟಕಿಯ ಹೊರಗೆ ತೊಟ್ಟಿಯ ಗೋಡೆ ಬಂತು, ಅಂಗೈ ಅಗಲದ ದೂರದಲ್ಲಿ, ಒದ್ದೆಯಾಗಿ, ಪಾಚಿಗಟ್ಟಿ, ಕೋಣೆ ಕತ್ತಲಾಯಿತು. ನನ್ನ ಎರಡೂ ಕೈ ತಾವಾಗಿಯೇ ಹೊದಿಕೆಯ ಅಂಚನ್ನು ಚುಕ್ಕಾಣಿಯಂತೆ ಹಿಡಿದುಕೊಂಡವು.

ಆಗ ಮೇನಾ, ಕಣ್ಣು ಮುಚ್ಚಿಕೊಂಡೇ, ಮೆತ್ತಗೆ ಹೇಳಿದಳು: ‘ಇಪ್ಪತ್ತು.’

ನಾನು ಹೊದಿಕೆಯನ್ನು ಎಡಕ್ಕೆ ತಿರುಗಿಸಿದೆ.

‘ಹತ್ತು.’

ಧ್ವನಿವರ್ಧಕವಿಲ್ಲದ ಅವಳ ಎಣಿಕೆಯನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಸಣ್ಣ ದನಿ!

‘ಐದು.’

ಹಡಗು ಇನ್ನೂ ಚಲಿಸುತ್ತಿದೆ ಎನ್ನಿಸಿತು ನನಗೆ. ಗೋಡೆ ಹಿಂದಕ್ಕೆ ಹೋಗುತ್ತಿತ್ತೋ, ನನ್ನ ತಲೆ ತಿರುಗುತ್ತಿತ್ತೋ.

‘ಮೂರು.’

ಬಲಗಾಲಿನಿಂದ ಹಾಸಿಗೆಯಲ್ಲಿ ಬ್ರೇಕು ಒತ್ತಿದೆ. ಬಾರ್ಜಿಗೆ ಬ್ರೇಕು ಇಲ್ಲ, ಹಾಸಿಗೆಗಂತೂ ಮೊದಲೇ ಇಲ್ಲ.

‘ಒಂದು’ ಎಂದಳು ಮೇನಾ. ಆಮೇಲೆ ಏನೂ ಹೇಳಲಿಲ್ಲ.

ನಾನು ಕಾದೆ. ನೀವು ಮೆಟ್ಟಿಲಿಳಿಯುವಾಗ ಕತ್ತಲಲ್ಲಿ ಕೊನೆಯ ಮೆಟ್ಟಿಲು ಇದೆಯೆಂದು ಕಾಲಿಟ್ಟು ಅದು ಇಲ್ಲದಿದ್ದರೆ ಹೇಗಾಗುತ್ತದೆ, ಹಾಗಾಯಿತು. ‘ಸಾಕು’ ಎಲ್ಲಿ? ಒಂದು ಆದ ಮೇಲೆ ಸಾಕು ಬರಬೇಕು. ಬಾರದಿದ್ದರೆ ಮುಂದಿರುವುದು ತೊಟ್ಟಿಯ ಬಾಗಿಲು, ಅದರಾಚೆ ಮೂರು ಮಾಳಿಗೆಯಷ್ಟು ಕೆಳಗೆ ನದಿ. ನನ್ನ ಕಣ್ಣ ಮುಂದೆ ಬೆಳ್ಳಕ್ಕಿ ಬಾಗಿಲನ್ನು ಒಡೆದು, ಮೂಗು ಮುಂದಾಗಿ, ಬಾತುಕೋಳಿ ಗರಿ ಚೆರಿ ಬೀಜಗಳ ಸಮೇತ ಕೆಳಗುರುಳಿತು. ಲಿಂಟ್ಸ್ ಮುಳುಗಿತು. ವಿಯೆನ್ನಾದ ಸಂತೆಯಲ್ಲಿ ಜನ ಬಿಸಿ ವೈನಿನ ಲೋಟ ಹಿಡಿದು ತೇಲಿದರು.

ಹಾಸಿಗೆಯಿಂದ ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ಬಾಗಿಲು ತೆರೆದು, ಮೂತಿ ಹೊರಕ್ಕೆ ಮಾಡಿಟ್ಟ ಶೂಗಳಿಗೆ ಕಾಲು ತೂರಿಸಿದೆ. ಶೂಗಳಿರಲಿಲ್ಲ. ಕಾಲು ನೆಲಗಂಬಳಿಗೆ ಬಡಿಯಿತು. ಒಳಗೆ ಹೋಗಿ ಹಡಗಿನವರು ಕೊಟ್ಟ ಬಿಳಿಯ ಬಟ್ಟೆಯ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಆ ಮೊಗಸಾಲೆ ಪಸ್ಸಾವ್‌ನಿಂದ ಯೋಖನ್‌ಸ್ಟೈನಿನವರೆಗಿನಷ್ಟೇ ಉದ್ದವಿತ್ತು. ಕೊನೆಯಲ್ಲಿ ದೊಡ್ಡ ಹಜಾರ. ಕಾಫಿ, ಕೇಕಿನ ಹೊತ್ತು, ಪಿಯಾನೋದವನು ಕ್ರಿಸ್‌ಮಸ್ ಹಾಡು ಬಾರಿಸುತ್ತಿದ್ದ. ನನ್ನ ನಿಲುವಂಗಿಯ ಸೊಂಟಪಟ್ಟಿ ಕೇಕಿನ ಗಾಡಿಗೆ ಸಿಕ್ಕಿತು. ನಾನು ನಿಲ್ಲಲಿಲ್ಲ, ಆದ್ದರಿಂದ ಗಾಡಿಯೂ ನಿಲ್ಲಲಿಲ್ಲ. ಸ್ವಲ್ಪ ದೂರ ಇಬ್ಬರೂ ಜೊತೆಯಾಗಿ ಓಡಿದೆವು. ಪಕ್ಕದ ಮೇಜಿನ ಅಜ್ಜಿ ಗಾಡಿ ಹಾದುಹೋಗುವಾಗ ಒಂದು ತುಂಡು ಎತ್ತಿಕೊಂಡಳು.

ಹೊರಗೆ ಮುಂತುದಿಯಲ್ಲಿ ಬಂದು ನಿಂತು, ಎದೆಯೊಡೆಯುವ ಹಾಗೆ ಕೂಗಿದೆ: ‘ಹಿಂದಕ್ಕೇ! ಪೂರ್ತಿ ಹಿಂದಕ್ಕೆ!’

ಹಡಗು ನಿಂತಿತ್ತು. ಯಾವಾಗಲೋ ನಿಂತು, ಹಗ್ಗ ಹಾಕಿ ಆಗಿತ್ತು. ಹಗ್ಗದ ಪಕ್ಕದಲ್ಲಿ ಒಬ್ಬ ಹಡಗಾಳು ಆಕಳಿಸುತ್ತಿದ್ದ, ಆಕಳಿಕೆ ಅರ್ಧದಲ್ಲೇ ನಿಲ್ಲಿಸಿ ನನ್ನನ್ನು ನೋಡಿದ. ಬಾಗಿಲು ಇನ್ನೂ ಒಂದು ಬಸ್ಸಿನ ಉದ್ದದಷ್ಟು ದೂರದಲ್ಲಿತ್ತು. ಮೇಲಿನಿಂದ ಕಪ್ತಾನ ರಾಡೊವಾನ್, ಸ್ಲೊವಾಕಿಯದವನು, ಒಳ್ಳೆಯ ಮನುಷ್ಯ, ಬಗ್ಗಿ ಕೇಳಿದ: ‘ಅಜ್ಜಾರೇ, ಹಿಂದಕ್ಕೆ ಅಂದ್ರೆ ಎಲ್ಲಿಗೆ? ಹಿಂದಿನ ಬಾಗಿಲು ಹಾಕಿ ಆಯ್ತಲ್ಲ.’

ಅಷ್ಟರಲ್ಲಿ ನೀರು ಇಳಿಯತೊಡಗಿತು. ನಾನು ನಿಲುವಂಗಿಯಲ್ಲಿ, ಗಾಂಭೀರ್ಯದಿಂದ, ಎಲ್ಲರೂ ನೋಡುತ್ತಿರುವಾಗ, ನಿಧಾನವಾಗಿ ಕೆಳಗಿಳಿದೆ. ಒಂದು ಚಪ್ಪಲಿ ಕಾಲಿನಿಂದ ಜಾರಿ ನೀರಿಗೆ ಬಿದ್ದು ನನಗಿಂತ ಘನತೆಯಿಂದ ತೇಲಿತು. ಇಷ್ಟು ಸಾಲದೆಂದು ತೊಟ್ಟಿಯ ಗೋಪುರದಿಂದ ಧ್ವನಿವರ್ಧಕ ಕರಕರ ಎಂದಿತು. ಅಲ್ಲಿ ಕೂತಿದ್ದವನು ಗಾಲುಸ್, ತೊಟ್ಟಿ ಕಾಯುವವನು, ನಮಗೆ ಹಳೆಯ ಪರಿಚಯದವನು.

‘ಏಯ್ ಕೋರ್ಬಿ! ಯಾರೋ ಮದುಮಗಳು ಓಡಿಬಂದಳು ಅಂದ್ಕೊಂಡೆ! ಮೇನಾ ಎಲ್ಲಯ್ಯಾ?’

ನಾನು ನಿಲುವಂಗಿಯ ಕಾಲರು ಮೇಲೆತ್ತಿ ಮುಖ ಮುಚ್ಚಿಕೊಂಡೆ.

‘ಮೇನಾ ಎಲ್ಲೀ? ಅವಳಿಲ್ಲದೆ ಒಂದು ಸಲಾನೂ ನೀನು ಈ ತೊಟ್ಟಿಗೆ ಬಂದಿಲ್ವಲ್ಲೋ! ಕ್ಷೇಮ ತಾನೆ?’

ಕೊನೆಗೆ ಕೂಗಲೇಬೇಕಾಯಿತು. ‘ಮಲಗಿದ್ದಾಳೆ!’

ಇಡೀ ಕಣಿವೆಗೆ ಕೇಳುವ ಹಾಗೆ ಗಾಲುಸ್ ಹೇಳಿದ: ‘ಅಂತೂ! ಏಳಿಸಬೇಡ್ವೋ ಅವಳನ್ನ. ಮೆತ್ತಗೆ ಇಳಿಸ್ತೀನಿ.’

ಆಗಲೂ ನನಗೆ ಬುದ್ಧಿ ಬರಲಿಲ್ಲ. ಮೊಗಸಾಲೆಯಲ್ಲಿ ಒಂಟಿ ಚಪ್ಪಲಿಯಲ್ಲಿ ಹಿಂತಿರುಗುವಾಗ ಹೊಳೆಯಿತು: ಬಾಗಿಲು ತೆರೆಯುವ ಕಾರ್ಡು ಒಳಗೇ ಉಳಿದಿದೆ. ನಾನು ಬಾಗಿಲು ಬಡಿದರೆ ಮೇನಾ ಎದ್ದು ಬರಬೇಕು. ಹಡಗು ಇನ್ನೂ ತೊಟ್ಟಿಯಲ್ಲೇ ಇದೆ. ಅವಳೂ ಎದ್ದ ಹಾಗಾಯಿತು. ಮೊದಲು ಎದ್ದವನು ನಾನೇ ಆದರೂ ವಾದ ಮಾಡಲು ಒಂದು ಎಳೆ ಸಿಕ್ಕ ಹಾಗಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಬಾಗಿಲು ಬಡಿದೆ.

‘ಯಾರು?’ ಒಳಗಿನಿಂದ.

‘ನಾನು. ಬಾಗಿಲು ತೆಗಿ.’

‘ಹಡಗು ತೊಟ್ಟಿ ಬಿಟ್ಟಿತಾ?’

‘...ಬಿಟ್ಟಿತು ಅನ್ಸುತ್ತೆ.’

‘ಕಿಟಕೀಲಿ ಗೋಡೆ ಕಾಣ್ತಿದೆ, ಸುಳ್ಳ.’

‘ಮೇನಾ, ಕಾಲು ಕೊರೀತಾ ಇದೆ. ಒಂದು ಚಪ್ಪಲಿ ನದೀಗೆ ಹೋಯ್ತು.’

‘ಹಾಗಾದ್ರೆ ಒಂದೇ ಕಾಲಲ್ಲಿ ನಿಂತಿರು. ಹಡಗಿನ ಹೆಸರೇ ಬೆಳ್ಳಕ್ಕಿ’ ಎಂದಳು. ಹಾಸಿಗೆಯಲ್ಲಿ ಅವಳು ಮಗ್ಗುಲು ಬದಲಿಸಿದ್ದು ಕೇಳಿಸಿತು.

ನಿಂತೆ. ಹೋಗಿಬರುವವರೆಲ್ಲ ಶುಭ ಸಂಜೆ ಎಂದರು. ಪಸ್ಸಾವ್‌ನಲ್ಲಿ ನೋಡಿದ ಆ ಚಡ್ಡಿಯ ದೊಡ್ಡಮನುಷ್ಯ ನಮ್ಮ ಹಡಗಿನಲ್ಲಿ ಇರದಿದ್ದದ್ದೊಂದೇ ದೇವರ ದಯೆ. ಕೊನೆಗೆ ಇಲ್ಡಿಕೊ ಬಂದಳು. ಅವಳ ಕೈಯಲ್ಲಿ ನನ್ನ ಶೂಗಳಿದ್ದವು, ಹುಟ್ಟಿದಂದಿನಿಂದ ಕಂಡಿರದ ಹೊಳಪು ಅವಕ್ಕೆ.

‘ಕಪ್ತಾನರೇ, ಪಾಲಿಶ್ ಮಾಡಿಸೋಕೆ ಅಂತ ಹೊರಗೆ ಇಟ್ಟಿದ್ರಲ್ಲ, ಮಾಡಿಸಿದೆ. ಡೀಸೆಲ್ ವಾಸನೆ ಹೋಗಲಿಲ್ಲ, ಕ್ಷಮಿಸಿ.’ ನನ್ನ ಒಂಟಿ ಚಪ್ಪಲಿ, ನಿಲುವಂಗಿಗೆ ಮೆತ್ತಿದ್ದ ಕೆನೆ, ಎಲ್ಲವನ್ನೂ ನೋಡಿ, ‘ಒಳಗೆ ಹೋಗ್ತೀರಾ?’ ಎಂದಳು.

‘ಈಗಲೇ ಬೇಡ’ ಎಂದೆ. ‘ಹಡಗು ತೊಟ್ಟಿ ಬಿಡಲಿ.’

ಅವಳು ತಲೆಯಾಡಿಸಿ ನನ್ನ ಪಕ್ಕದಲ್ಲೇ ನಿಂತು ಕಾದಳು. ಹಡಗಿನವರ ಜೊತೆ ಅವಳು ಬಹಳ ಕಾಲ ಕೆಲಸ ಮಾಡಿರಬೇಕು.

ಮುಂದಿನ ಬಾಗಿಲು ತೆರೆಯಿತು, ಇಂಜಿನ್ ಎದ್ದಿತು, ಇಲ್ಡಿಕೊ ತನ್ನ ಕೀಲಿಯಿಂದ ಕೋಣೆಯ ಬಾಗಿಲು ತೆರೆದು ಹೋದಳು. ಒಳಗೆ ದೀಪ ಹಾಕಿಕೊಂಡು ಮೇನಾ ಹಾಸಿಗೆಯಲ್ಲಿ ಎದ್ದು ಕೂತಿದ್ದಳು, ಬೆನ್ನಿಗೆ ಬಾತುಕೋಳಿಯ ದಿಂಬು. ಹಡಗಿನವರು ನನ್ನ ಪಾಲಿಗೆಂದು ಇಟ್ಟಿದ್ದ ಚಾಕಲೇಟನ್ನೂ ಸುಲಿದು ತಿನ್ನುತ್ತಿದ್ದಳು. ಕೆನ್ನೆಯಲ್ಲಿ ದಿಂಬಿನ ಗೆರೆ ಮೂಡಿತ್ತು. ಅಷ್ಟು ಮೆತ್ತಗಿನ ಮುಖವನ್ನು ನಾನು ಯಾವ ತೊಟ್ಟಿಯಲ್ಲೂ ಕಂಡಿರಲಿಲ್ಲ.

‘ನಿಜ ಹೇಳು’ ಎಂದೆ. ‘ನಿದ್ದೇಲಿ ಎಣಿಸಿದೆಯಾ, ಎಚ್ಚರದಲ್ಲಾ?’

‘ನಲವತ್ತು ವರ್ಷದಲ್ಲಿ ಅದೆರಡರ ನಡುವೆ ವ್ಯತ್ಯಾಸ ಇಟ್ಟಿದ್ದೀಯಾ ನೀನು?’

‘ಸರಿ. ಒಂದು ಅಂದೋಳು ಸಾಕು ಅಂತ ಯಾಕೆ ಅನ್ನಲಿಲ್ಲ? ಅದು ಮೋಸ.’

‘ಅಂದೆ’ ಎಂದಳು ಮೇನಾ. ‘ಅಷ್ಟರಲ್ಲಿ ಎಲ್ಲೋ ತಟ್ಟೆಗಳು ಬಿದ್ದ ಸದ್ದು ಕೇಳಿಸ್ತು. ಕೇಳೋಕೆ ನೀನೇ ಇರಲಿಲ್ಲ.’

ಹಗ್ಗದ ಮೇಲೆ ಕೊಟ್ಟ ಮಾತು. ನಾನು ಹಾಸಿಗೆಯ ಅಂಚಿನಲ್ಲಿ ಕೂತು, ಹೊಳೆಯುವ ಶೂಗಳನ್ನು ತೊಡೆಯ ಮೇಲಿಟ್ಟುಕೊಂಡು, ಆ ಪೇರ್ ಮರವನ್ನು ಕಲ್ಪಿಸಿಕೊಳ್ಳಲು ನೋಡಿದೆ. ಹಿಂದಕ್ಕೆ ಓಡದ ಮರ. ಅಲುಗದ ನೆಲ. ನಮಗೆ ಬಾರ್ಜಿನವರಿಗೆ ವಾಂತಿ ಬರುವುದು ನೆಲದ ಮೇಲೆಯೇ.

‘ಆ ಮನೇಲಿ ನಾನು ಒಗ್ಗಲ್ಲ, ಮೇನಾ’ ಎಂದೆ. ಈ ಸಲ ನಿಜಕ್ಕೂ ಹೇಳಿದ್ದು.

ಅವಳು ಚಾಕಲೇಟಿನ ಕಾಗದವನ್ನು ಮಡಿಸಿ ನನ್ನ ಶೂವಿನೊಳಗೆ ತುರುಕಿದಳು.

‘ಡ್ಯಾನ್ಯೂಬ್ ಮೇಲೆ ಅರ್ಧ ಗಂಟೇಲಿ ನೀನು ಒಗ್ಗದೇ ಇರೋ ಹಡಗೇ ಇಲ್ಲ ಅಂತೀಯಲ್ಲ? ಅದನ್ನೂ ಒಂದು ಹಡಗು ಅಂದ್ಕೊ’ ಎಂದಳು. ‘ಹಗ್ಗ ಕಟ್ಟೋಳು ನಾನು. ಆದ್ದರಿಂದ ಅದು ಎಲ್ಲಿಗೂ ಹೋಗಲ್ಲ.’